ಮಂಚ ಜೋಡಿಸಿದ ಮಗನಿಗೆ ಶಭಾಷ್, ಊರಿನ ಬಡಗಿಗೆ ಚೌಕಾಸಿ

ಜರ್ಮನಿಗೆ ಓದಲು, ದುಡಿಯಲು ಹೋದ ನಮ್ಮ ಕಡೆಯ ಹುಡುಗ ಹುಡುಗಿಯರು ಮನೆಯ ವಾಟ್ಸಾಪ್ ಗ್ರೂಪಿಗೆ ಹಾಕುವ ಫೋಟೋಗಳಲ್ಲಿ ಒಂದು ಬಗೆಯದು ಈಗೀಗ ಹೆಚ್ಚು. ಖಾಲಿ ಕೋಣೆ, ನೆಲದ ತುಂಬ ಹಲಗೆ, ಹರಿದ ರಟ್ಟಿನ ಡಬ್ಬ, ನಡುವೆ ನಗುತ್ತ ಕೂತ ನಮ್ಮವರು. ಕೆಳಗೊಂದು ಸಾಲು: ‘ಮಂಚ ನಾನೇ ಜೋಡಿಸಿದೆ.’

ಇದನ್ನು ನೋಡಿ ಊರಲ್ಲಿ ಎರಡು ಮಾತು ಬರುತ್ತವೆ. ‘ಅಷ್ಟು ಓದಿ ಅಲ್ಲಿ ಹೋಗಿ ಬಡಗಿ ಕೆಲಸ ಮಾಡ್ಬೇಕಾ, ಪಾಪ’ ಅನ್ನುವುದು ಒಂದು. ‘ಎಷ್ಟು ಜಾಣ ನೋಡಿ’ ಅನ್ನುವುದು ಇನ್ನೊಂದು. ಎರಡೂ ಪೂರ್ತಿ ಸರಿಯಲ್ಲ ಎಂಬುದು ನಮ್ಮ ಅಭಿಪ್ರಾಯ.

ಮೊದಲು ಅಲ್ಲಿನ ಸ್ಥಿತಿ ತಿಳಿಯೋಣ. ಜರ್ಮನಿಯಲ್ಲಿ ಬಾಡಿಗೆ ಮನೆ ಎಂದರೆ ಎಷ್ಟೋ ಸಲ ಬರೀ ಗೋಡೆ. ಮಂಚ, ಬೀರು ಬಿಡಿ, ಅಡುಗೆಮನೆಯ ಕಟ್ಟೆ, ಸಿಂಕು, ಒಲೆ ಕೂಡ ಇರುವುದಿಲ್ಲ. ಹಿಂದಿನ ಬಾಡಿಗೆದಾರರು ತಮ್ಮ ಅಡುಗೆಮನೆಯನ್ನೇ ಬಿಚ್ಚಿಕೊಂಡು ಹೋಗಿರುತ್ತಾರೆ. ಹೊಸಬರು ಎಲ್ಲವನ್ನೂ ತರಬೇಕು.

ತಂದದ್ದು ಡಬ್ಬದಲ್ಲಿ ಬಿಡಿಬಿಡಿಯಾಗಿ ಬರುತ್ತದೆ. ಈ ಪದ್ಧತಿಯನ್ನು ಲೋಕಕ್ಕೆಲ್ಲ ಹಬ್ಬಿಸಿದ್ದು ಸ್ವೀಡನ್ನಿನ ಐಕಿಯಾ ಕಂಪನಿ. 1956ರಲ್ಲಿ ಅಲ್ಲಿನ ಕೆಲಸಗಾರ ಗಿಲ್ಲಿಸ್ ಲುಂಡ್‌ಗ್ರೆನ್ ಒಂದು ಮೇಜನ್ನು ಕಾರಿನಲ್ಲಿ ತುಂಬಲಾಗದೆ ಅದರ ಕಾಲು ಬಿಚ್ಚಿದರು, ಅಲ್ಲಿಂದ ಈ ಯೋಚನೆ ಶುರುವಾಯಿತು ಎಂದು ಕಂಪನಿಯೇ ಹೇಳುತ್ತದೆ. ಲೆಕ್ಕ ಸರಳ. ಕಾಲು ಬಿಚ್ಚಿದ ಮೇಜು ಲಾರಿಯಲ್ಲಿ ಕಡಿಮೆ ಜಾಗ ಹಿಡಿಯುತ್ತದೆ, ಸಾಗಣೆ ಖರ್ಚು ಇಳಿಯುತ್ತದೆ, ಜೋಡಿಸುವ ಕೂಲಿ ಗಿರಾಕಿಯ ಮೈಮೇಲೆ ಬೀಳುತ್ತದೆ.

ಆ ಕೂಲಿಯೇ ಇಲ್ಲಿ ಮುಖ್ಯ. ಜರ್ಮನಿಯಲ್ಲಿ 2025ರಲ್ಲಿ ಕನಿಷ್ಠ ಕೂಲಿ ಗಂಟೆಗೆ 12.82 ಯೂರೋ. ನಮ್ಮ ಲೆಕ್ಕದಲ್ಲಿ ಸಾವಿರ ರೂಪಾಯಿಗೂ ಮೇಲೆ. ಇದು ಯಾವ ಕೆಲಸಕ್ಕೂ ಕೊಡಲೇಬೇಕಾದ ಕನಿಷ್ಠ ಮೊತ್ತ, ಕಸುಬು ಬಲ್ಲವರ ದರ ಇನ್ನೂ ಹೆಚ್ಚು. ಹಾಗಾಗಿ ವಿದ್ಯಾರ್ಥಿ ತಾನೇ ನೆಲದ ಮೇಲೆ ಕೂತು ತಿರುಪು ತಿರುಗಿಸುತ್ತಾನೆ. ಇದರಲ್ಲಿ ‘ಪಾಪ’ ಅನ್ನುವಂಥದ್ದೇನೂ ಇಲ್ಲ. ಅಲ್ಲಿ ಡಾಕ್ಟರೂ ಮೇಷ್ಟ್ರೂ ಅದನ್ನೇ ಮಾಡುತ್ತಾರೆ.

ಈ ಕೆಲಸದಿಂದ ಲಾಭವೂ ಇದೆ. ಡಬ್ಬದೊಳಗಿನ ಪುಸ್ತಕದಲ್ಲಿ ಹೆಚ್ಚಾಗಿ ಅಕ್ಷರ ಇರುವುದಿಲ್ಲ, ಬರೀ ಚಿತ್ರ. ಜರ್ಮನ್ ಬಾರದವರಿಗೂ ಸಾಕು. ಒಂದು ಎಲ್ ಕೀ, ಒಂದು ಸ್ಕ್ರೂಡ್ರೈವರ್, ಒಂದು ಸುತ್ತಿಗೆ ಇದ್ದರೆ ಮುಗಿಯಿತು. ಊರಲ್ಲಿದ್ದಾಗ ಬಲ್ಬು ಬದಲಿಸಲೂ ಅಣ್ಣನನ್ನು ಕರೆಯಿರಿ ಎಂದು ಹೇಳಿಸಿಕೊಂಡು ಬೆಳೆದ ಹುಡುಗಿ ಅಲ್ಲಿ ಒಬ್ಬಳೇ ಬೀರು ನಿಲ್ಲಿಸುತ್ತಾಳೆ. ಭಾನುವಾರ ಮಾತ್ರ ಡ್ರಿಲ್ ಮುಟ್ಟುವಂತಿಲ್ಲ. ಅಲ್ಲಿ ಅದು ಸದ್ದಿಲ್ಲದ ದಿನ, ಗೋಡೆಗೆ ತೂತು ಹೊಡೆದರೆ ಪಕ್ಕದ ಮನೆಯವರು ಬಂದು ಬಾಗಿಲು ತಟ್ಟುತ್ತಾರೆ.

ಆದರೆ ಇದು ಬಡಗಿ ಕೆಲಸವೂ ಅಲ್ಲ. ಅಳತೆ, ಕೊಯ್ತ, ತೂತು ಎಲ್ಲ ಫ್ಯಾಕ್ಟರಿಯಲ್ಲೇ ಮುಗಿದಿರುತ್ತದೆ. ಹಲಗೆಯೂ ಬಹುಪಾಲು ಮರದ ಚೂರನ್ನು ಅಂಟಿನಲ್ಲಿ ಒತ್ತಿ ಮಾಡಿದ್ದು. ನೀರು ಕುಡಿದರೆ ಉಬ್ಬುತ್ತದೆ. ಎರಡು ಮೂರು ಸಲ ಬಿಚ್ಚಿ ಜೋಡಿಸಿದರೆ ತಿರುಪಿನ ತೂತು ಸಡಿಲವಾಗುತ್ತದೆ. ನಮ್ಮ ಅಜ್ಜಿಯಂದಿರ ಕಾಲದ ಹಲಸಿನ ಪೆಟ್ಟಿಗೆಯ ಜತೆ ಇದನ್ನು ಹೋಲಿಸಬಾರದು.

ಇಂಥ ಸಾಮಾನು ಈಗ ನಮ್ಮ ಬಾಗಿಲಿಗೂ ಬಂದಿದೆ. ಐಕಿಯಾ 2018ರಲ್ಲಿ ಹೈದರಾಬಾದಿನಲ್ಲಿ, 2022ರಲ್ಲಿ ಬೆಂಗಳೂರಿನ ನಾಗಸಂದ್ರದಲ್ಲಿ ಅಂಗಡಿ ತೆರೆಯಿತು. ಆನ್‌ಲೈನಿನಲ್ಲಿ ಬೇರೆ ಬೇರೆ ಕಂಪನಿಗಳ ಬೀರುಗಳು ತಾಲೂಕು ಕೇಂದ್ರದವರೆಗೂ ಬರುತ್ತಿವೆ. ತರಿಸುವವರು ಒಂದು ಮಾತು ನೆನಪಿಡಿ: ಎತ್ತರದ ಬೀರು, ಡ್ರಾಯರ್ ಇರುವ ಪೆಟ್ಟಿಗೆಗಳನ್ನು ಗೋಡೆಗೆ ಬಿಗಿಯದೆ ಬಿಡಬೇಡಿ. ಮಗು ಡ್ರಾಯರ್ ಎಳೆದು ಹತ್ತಿದರೆ ಇಡೀ ಬೀರು ಮೇಲೆ ಬೀಳುತ್ತದೆ. ಹೀಗೆ ಮಕ್ಕಳು ಸತ್ತ ಮೇಲೆ, 2016ರಲ್ಲಿ ಅಮೆರಿಕದಲ್ಲಿ ಐಕಿಯಾ ಸುಮಾರು 2.9 ಕೋಟಿ ಡ್ರಾಯರ್ ಬೀರುಗಳನ್ನು ವಾಪಸು ಕರೆಯಬೇಕಾಯಿತು. ಡಬ್ಬದಲ್ಲಿ ಕೊಡುವ ಆ ಸಣ್ಣ ಪಟ್ಟಿಯನ್ನು ‘ಇದು ಯಾಕೆ’ ಎಂದು ಬಿಸಾಡಬೇಡಿ.

ಈಗ ನಮ್ಮ ನಿಜವಾದ ತಕರಾರಿಗೆ ಬರೋಣ. ಜರ್ಮನಿಯಲ್ಲಿ ನಾಲ್ಕು ಹಲಗೆ ಜೋಡಿಸಿದ ಮಗನ ಫೋಟೋವನ್ನು ನಾವು ಸ್ಟೇಟಸ್ಸಿಗೆ ಹಾಕುತ್ತೇವೆ. ಅದೇ ವಾರ ಮನೆಗೆ ಬಂದ ಬಡಗಿ ಬಾಗಿಲು ಕೂರಿಸಿ ಕೂಲಿ ಕೇಳಿದರೆ ‘ಅಷ್ಟಾ? ಅರ್ಧ ದಿನದ ಕೆಲಸ’ ಎನ್ನುತ್ತೇವೆ. ಕೈ ಕೆಸರಾದರೆ ಬಾಯಿ ಮೊಸರು ಎಂದು ಮಕ್ಕಳಿಗೆ ಗಾದೆ ಹೇಳಿಕೊಡುತ್ತೇವೆ, ಕೈ ಕೆಸರಾದವರ ಮೊಸರಿಗೆ ನೀರು ಬೆರೆಸುತ್ತೇವೆ.

ಆ ಬಡಗಿಗೆ ಬಂದದ್ದು ಚಿತ್ರದ ಪುಸ್ತಕವಲ್ಲ. ಸೊಟ್ಟಗಿರುವ ಹಳೆ ಗೋಡೆಗೆ ನೆಟ್ಟಗಿನ ಚೌಕಟ್ಟು ಕೂರಿಸುವುದು, ಮಳೆಗಾಲದಲ್ಲಿ ಉಬ್ಬುವ ಮರಕ್ಕೆ ಎಷ್ಟು ಸಂದು ಬಿಡಬೇಕೆಂದು ಅಂದಾಜು ಮಾಡುವುದು, ಕೂರಿಗೆಯ ತಾಳು ಸಮನಾಗಿ ಕೂರಿಸುವುದು, ಇವೆಲ್ಲ ಉಳಿ, ಬಾಚಿ ಹಿಡಿದು ವರ್ಷಗಟ್ಟಲೆ ಕಲಿತ ವಿದ್ಯೆ. ಹಿಂದೆ ಆಯ ಎಂದು ಕಣದಲ್ಲಿ ಕಾಳು ಕೊಡುತ್ತಿದ್ದರು. ಆಯ ಹೋಯಿತು, ಅದರ ಜಾಗಕ್ಕೆ ಸರಿಯಾದ ಕೂಲಿ ಬರಲಿಲ್ಲ. ಹಾಗಾಗಿಯೇ ಬಡಗಿಯ ಮಗ ಕಸುಬು ಬಿಟ್ಟು ಪಟ್ಟಣದ ಬಸ್ಸು ಹತ್ತುತ್ತಾನೆ.

ಜರ್ಮನಿಯಿಂದ ಕಲಿಯುವುದಿದ್ದರೆ ಇದನ್ನು ಕಲಿಯಬೇಕು. ಅಲ್ಲಿ ಬಡಗಿಯಾಗಲು ಸಾಮಾನ್ಯವಾಗಿ ಮೂರು ವರ್ಷದ ತರಬೇತಿ. ವಾರದಲ್ಲಿ ಒಂದೆರಡು ದಿನ ಶಾಲೆ, ಉಳಿದ ದಿನ ಕಾರ್ಖಾನೆಯಲ್ಲಿ ಕೆಲಸ, ಕಲಿಯುವಾಗಲೇ ಸಂಬಳ. ಯಾವ ಮನೆಯಲ್ಲಿ ಹುಟ್ಟಿದವರೂ ಸೇರಬಹುದು.

ನಮ್ಮಲ್ಲೂ ಸ್ವಲ್ಪ ದಾರಿ ಇದೆ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿತನವೂ ಸೇರಿದೆ. ತರಬೇತಿಯ ದಿನಕ್ಕೆ 500 ರೂಪಾಯಿ, ಸಲಕರಣೆಗೆ 15,000 ರೂಪಾಯಿ, ಶೇ. 5ರ ಬಡ್ಡಿಗೆ ಮೊದಲು 1 ಲಕ್ಷ, ಆಮೇಲೆ 2 ಲಕ್ಷದವರೆಗೆ ಸಾಲ ಅದರಲ್ಲಿವೆ. ಆದರೆ ಐದಾರು ದಿನದ ತರಬೇತಿ ಮೂರು ವರ್ಷಕ್ಕೆ ಸಮ ಅಲ್ಲ. ಎಷ್ಟೇ ಒಳ್ಳೆ ಸಲಕರಣೆ ಕೊಟ್ಟರೂ ಊರು ಕೂಲಿ ಕೊಡದಿದ್ದರೆ ಅದು ಅಟ್ಟ ಸೇರುತ್ತದೆ.

ನಾವು ಕೇಳುವುದು ದೊಡ್ಡದೇನಲ್ಲ. ನಮ್ಮ ಶಾಲೆಗಳಲ್ಲಿ ಮಕ್ಕಳ ಕೈಗೆ, ಹೆಣ್ಣುಮಕ್ಕಳ ಕೈಗೂ, ಸುತ್ತಿಗೆ ಸ್ಕ್ರೂಡ್ರೈವರ್ ಕೊಡಿ. ಕಾಲು ಮುರಿದ ಬೆಂಚನ್ನು ಅವರೇ ರಿಪೇರಿ ಮಾಡಲಿ, ಕಲಿಸಲು ಊರಿನ ಬಡಗಿಯನ್ನೇ ಕರೆಯಿರಿ, ಆ ದಿನದ ಗೌರವಧನ ಕೊಡಿ. ಮುಂದಿನ ಸಲ ನಿಮ್ಮ ಮನೆಯ ಬಾಗಿಲು ಸರಿಮಾಡಿ ಬಡಗಿ ಕೂಲಿ ಹೇಳಿದಾಗ, ಚೌಕಾಸಿ ಮಾಡದೆ ಕೊಟ್ಟು ನೋಡಿ.