ಬಹದ್ದೂರ್ ಕೇಳಿದ್ದು ತಗಡು

ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನ ಪಕ್ಕ ಫ್ರಿಜ್ಜಿನದೊಂದು ರಟ್ಟಿನ ಪೆಟ್ಟಿಗೆ ಇಟ್ಟಿದ್ದರು. ಮೇಲೆ ಸ್ಕೆಚ್ ಪೆನ್ನಿನಲ್ಲಿ ‘ನೇಪಾಳಕ್ಕಾಗಿ’ ಎಂದು ಬರೆದಿತ್ತು. 2015ರ ಏಪ್ರಿಲ್ ಕೊನೆಯ ವಾರ, ಅಲ್ಲಿ ಆಗಷ್ಟೇ ಭೂಕಂಪವಾಗಿತ್ತು. ಎರಡೇ ದಿನಕ್ಕೆ ಅದು ತುಂಬಿ ಪಕ್ಕದಲ್ಲಿ ಇನ್ನೊಂದು ಬಂತು. ಇಣುಕಿ ನೋಡಿದೆ. ಜರಿ ಕಿತ್ತ ಸೀರೆಗಳು, ಬಿಗಿಯಾದ ಜೀನ್ಸ್, ಮಕ್ಕಳ ಸ್ಕೂಲ್ ಟೈ, ಒಂದು ಜೊತೆ ಹೈಹೀಲ್ಸ್, ಅರ್ಧ ಖಾಲಿಯಾದ ಕೆಮ್ಮಿನ ಸಿರಪ್ಪು. ನಗಬೇಡಿ, ಮೊಣಕೈ ಹತ್ತಿರ ಹರಿದಿದ್ದ ನನ್ನದೊಂದು ಸ್ವೆಟರ್ ಕೂಡ ಅದರಲ್ಲಿತ್ತು. ಬೀರು ಹಗುರಾಯಿತು, ಮನಸ್ಸೂ ಹಗುರಾಯಿತು.

ತಮಾಷೆಯೆಂದರೆ ಆ ಪೆಟ್ಟಿಗೆಯ ಎದುರಿಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ವಾಚ್‌ಮನ್ ನೇಪಾಳದವನೇ. ಸಿಂಧುಪಾಲ್‌ಚೋಕ್ ಜಿಲ್ಲೆ. ಆ ಭೂಕಂಪದಲ್ಲಿ ಅತಿ ಹೆಚ್ಚು ಜನ ಸತ್ತ ಜಿಲ್ಲೆ ಅದು, ಸುಮಾರು 3,500 ಮಂದಿ. ನಾಲ್ಕು ವರ್ಷದಿಂದ ನಮ್ಮ ಗೇಟು ತೆಗೆದು ಹಾಕುತ್ತಿದ್ದ ಆತನನ್ನು ನಾವೆಲ್ಲ ಕರೆಯುತ್ತಿದ್ದುದು ‘ಬಹದ್ದೂರ್’ ಅಂತಲೇ. ಅವನ ಹೆಸರು ಬೇರೆ ಎಂದು ಗೊತ್ತಾಗಲು ಅವನ ಊರಿನ ನೆಲ ನಡುಗಬೇಕಾಯಿತು.

ಫೋನು ಸಿಕ್ಕಿದ್ದು ನಾಲ್ಕನೇ ದಿನ. ಆ ಹೊತ್ತಿಗೆ ನಮ್ಮ ಟೆಲಿಕಾಂ ಕಂಪನಿಗಳು ನೇಪಾಳದ ಕರೆಗೆ ದರ ಇಳಿಸಿದ್ದವು, ಕೆಲವು ಉಚಿತವನ್ನೇ ಮಾಡಿದ್ದವು. ಆದರೆ ಆ ಕಡೆ ಟವರೂ ಇಲ್ಲ, ಮೊಬೈಲ್ ಚಾರ್ಜ್ ಮಾಡಲು ಕರೆಂಟೂ ಇಲ್ಲ. ಮಾತಾಡಿ ಮುಗಿಸಿ ಬಂದವನು ಹೇಳಿದ್ದಿಷ್ಟೇ: “ಹೆಂಡ್ತಿ ಮಕ್ಳು ಇದಾರೆ ಸಾರ್. ಮನೆ ಇಲ್ಲ. ಎಮ್ಮೆ ಹೋಯ್ತು.”

“ಏನಪ್ಪಾ ಬೇಕು ಈಗ?” ಎಂದೆ.

“ತಗಡು ಸಾರ್. ಮಳೆ ಬರತ್ತೆ.”

ಪೆಟ್ಟಿಗೆಯ ಕಡೆ ಆತ ತಿರುಗಿಯೂ ನೋಡಲಿಲ್ಲ.

ದೂರದ ದೇಶದಲ್ಲಿ ಭೂಮಿ ನಡುಗಿದಾಗ ಇಲ್ಲಿ ಕೂತ ನಮಗೆ ತಿಳಿಯದೇ ಹೋಗುವುದು ಇಷ್ಟು ಚಿಕ್ಕ ಸಂಗತಿ. ಏಪ್ರಿಲ್ 25ರಂದು 7.8 ತೀವ್ರತೆಯ ಕಂಪನ, ಮೇ 12ಕ್ಕೆ ಮತ್ತೆ 7.3. ಸತ್ತವರು ಸುಮಾರು 9,000, ನೆಲಸಮವಾದ ಮನೆಗಳು ಐದು ಲಕ್ಷಕ್ಕೂ ಮೇಲೆ. ಮೊದಲ ಕಂಪನವಾದದ್ದು ಶನಿವಾರ ನಡುಹಗಲು. ನೇಪಾಳದಲ್ಲಿ ಶನಿವಾರ ಶಾಲೆಗೆ ರಜೆ, ಹಳ್ಳಿಯವರು ಹೊಲದಲ್ಲಿದ್ದರು. ಹಾಗಾಗಿ ಎಷ್ಟೋ ಜೀವ ಉಳಿಯಿತು, ಸೂರು ಉಳಿಯಲಿಲ್ಲ. ಜೂನ್ ಹೊತ್ತಿಗೆ ಮುಂಗಾರು. ಬೆಟ್ಟದ ಇಳಿಜಾರಿನಲ್ಲಿ ಕೂತ ಸಂಸಾರಕ್ಕೆ ಆಗ ಬೇಕಿದ್ದದ್ದು ಒಂದು ಟಾರ್ಪಾಲು, ಕೈಗೂಡಿದರೆ ಹತ್ತು ತಗಡು. ನಾವು ತುಂಬಿಸುತ್ತಿದ್ದದ್ದು ಹೈಹೀಲ್ಸ್.

ನಾವು ಮಾತ್ರ ಹೀಗೆ ಅಂದುಕೊಳ್ಳಬೇಡಿ. ದೊಡ್ಡವರೂ ಇದನ್ನೇ ಮಾಡಿದರು. ನೇಪಾಳದ ಅಂದಿನ ಹಣಕಾಸು ಸಚಿವ ರಾಮ್ ಶರಣ್ ಮಹತ್ ಬೇಸತ್ತು ಹೇಳಿದ್ದರು: ಟ್ಯೂನಾ ಮೀನು, ಮೇಯನೇಸ್ ಬಂದಿದೆ, ಅದನ್ನಿಟ್ಟುಕೊಂಡು ನಾವೇನು ಮಾಡೋಣ, ನಮಗೆ ಬೇಕಿರುವುದು ಧಾನ್ಯ, ಉಪ್ಪು, ಸಕ್ಕರೆ ಎಂದು. ಕಠ್ಮಂಡುವಿನ ತ್ರಿಭುವನ್ ವಿಮಾನ ನಿಲ್ದಾಣಕ್ಕಿರುವುದು ಒಂದೇ ರನ್‌ವೇ. ಜಗತ್ತಿನ ವಿಮಾನಗಳೆಲ್ಲ ಒಟ್ಟಿಗೆ ಬಂದು ಇಳಿಯಲು ಜಾಗವಿಲ್ಲದೆ ಆಕಾಶದಲ್ಲೇ ಸುತ್ತಿದವು. ಭಾರದ ವಿಮಾನಗಳು ಇಳಿದಿಳಿದು ರನ್‌ವೇ ಹಾಳಾಗಿ, ಮೇ 3ರಿಂದ 196 ಟನ್‌ಗಿಂತ ಹೆಚ್ಚು ತೂಕದ ವಿಮಾನಗಳಿಗೆ ಬಾಗಿಲು ಹಾಕಿದರು. ಇಳಿದ ಸರಕು ಕಸ್ಟಮ್ಸ್ ತಪಾಸಣೆಯಲ್ಲಿ ಕೊಳೆಯಿತು. ಮೇಯನೇಸ್ ಹೊತ್ತ ಪ್ರತಿ ವಿಮಾನವೂ ಒಂದು ಟೆಂಟಿನ ಜಾಗವನ್ನು ತಿಂದಿತು.

ಜೀವ ಉಳಿಸುವ ಕೆಲಸದ ಲೆಕ್ಕ ಇನ್ನೂ ಕಠೋರ. ಭಾರತ ಕೆಲವೇ ಗಂಟೆಗಳಲ್ಲಿ ಆಪರೇಷನ್ ಮೈತ್ರಿ ಎಂಬ ರಕ್ಷಣಾ ಕಾರ್ಯಾಚರಣೆ ಶುರುಮಾಡಿತು, ಆ ವೇಗಕ್ಕೆ ಸಲಾಂ ಹೇಳಲೇಬೇಕು. ಮೂವತ್ತಕ್ಕೂ ಹೆಚ್ಚು ದೇಶಗಳಿಂದ 4,000ಕ್ಕೂ ಮಿಕ್ಕಿ ರಕ್ಷಣಾ ಸಿಬ್ಬಂದಿ ಬಂದರು, ನಾಯಿಗಳು ಬಂದವು, ಯಂತ್ರಗಳು ಬಂದವು. ಇವರೆಲ್ಲ ಸೇರಿ ಅವಶೇಷದಡಿಯಿಂದ ಜೀವಂತವಾಗಿ ತೆಗೆದದ್ದು 16 ಮಂದಿಯನ್ನು. ಅದರಲ್ಲಿ 11 ಮಂದಿಯನ್ನು ತೆಗೆದದ್ದು ನಮ್ಮ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ, ಎನ್‌ಡಿಆರ್‌ಎಫ್. ಇದರಲ್ಲಿ ಅವರ ತಪ್ಪೇನಿಲ್ಲ. ಕಲ್ಲು ಮಣ್ಣಿನ ಮನೆ ಕುಸಿದರೆ ಒಳಗೆ ಉಸಿರಾಡಲು ಸಂದು ಉಳಿಯುವುದಿಲ್ಲ, ಮೊದಲ ಕೆಲವು ಗಂಟೆ ಕಳೆದರೆ ಮುಗಿಯಿತು. ಆ ಗಂಟೆಗಳಲ್ಲಿ ಅಲ್ಲಿರುವವರು ಪಕ್ಕದ ಮನೆಯವರು ಮಾತ್ರ. ವಾಚ್‌ಮನ್ನನ ಅತ್ತಿಗೆಯನ್ನು ತೆಗೆದದ್ದೂ ಅವರೇ, ಗುದ್ದಲಿಯಿಂದ, ಆಮೇಲೆ ಗುದ್ದಲಿ ತಾಗೀತೆಂದು ಬರಿಗೈಯಿಂದ.

ನೆರವಿನ ಜೊತೆಗೆ ಕ್ಯಾಮೆರಾಗಳೂ ಹೋದವು. ಮಗನನ್ನು ಕಳೆದುಕೊಂಡ ತಾಯಿಯ ಮುಂದೆ ಮೈಕು ಹಿಡಿದು ‘ಹೇಗನ್ನಿಸುತ್ತಿದೆ’ ಎಂದು ಕೇಳುವ ನಮ್ಮ ಟೀವಿಯವರ ಚಾಳಿ ಅಲ್ಲೂ ಬಿಡಲಿಲ್ಲ. ‘ಭಾರತದ ಮಾಧ್ಯಮದವರೇ, ಮನೆಗೆ ಹೋಗಿ’ ಎಂದು ನೇಪಾಳಿಗಳು ಟ್ವಿಟರ್‌ನಲ್ಲಿ ಅಭಿಯಾನವನ್ನೇ ನಡೆಸಿದರು. ಉಪಕಾರ ಮಾಡಿದ ಮೇಲೆ ಅದನ್ನು ಎತ್ತಿ ಆಡಬಾರದು ಎಂಬುದು ನಮ್ಮ ಮನೆಗಳಲ್ಲಿ ಹಿರಿಯರು ಹೇಳುವ ಮಾತು. ಸ್ಟುಡಿಯೊಗಳಲ್ಲಿ ಹಿರಿಯರು ಇರುವುದಿಲ್ಲವೇನೋ.

ನಮಗಂತೂ ನೇಪಾಳ ಪೂರ್ತಿ ಪರದೇಶವೂ ಅಲ್ಲ. ಪಶುಪತಿನಾಥನ ಪೂಜೆಗೆ ಕರ್ನಾಟಕದಿಂದ ಹೋದ ಭಟ್ಟರಿದ್ದಾರೆ. ಕರಾವಳಿಯ ಕೆಲವು ಮನೆಗಳಿಗೆ ಕಠ್ಮಂಡು ನೆಂಟರ ಊರು. ಆ ವಾರ ದೇವಸ್ಥಾನದ ಪಕ್ಕ ಬಾಗ್ಮತಿಯ ದಂಡೆಯಲ್ಲಿ ಚಿತೆಗಳು ಸಾಲುಗಟ್ಟಿ ಉರಿದವು. ಗುಡಿ ಮಾತ್ರ ನಿಂತಿತ್ತು.

ಮತ್ತೆ ತಗಡಿನ ವಿಷಯಕ್ಕೆ ಬರುತ್ತೇನೆ. ನಾವು ಕೆಲವರು ದುಡ್ಡು ಕೂಡಿಸೋಣ ಎಂದೆವು. ಅಸೋಸಿಯೇಷನ್ ಮೀಟಿಂಗಿನಲ್ಲಿ ಒಬ್ಬರು ತಕ್ಷಣ ಅಂದರು: “ದುಡ್ಡು ಕೊಟ್ರೆ ಕುಡಿದು ಹಾಳು ಮಾಡ್ತಾನೆ ಕಣ್ರೀ, ಸಾಮಾನು ಕೊಡೋಣ.” ಈ ಅನುಮಾನ ನಮ್ಮಲ್ಲಿ ಎಷ್ಟು ಸಲೀಸಾಗಿ ಬಾಯಿಗೆ ಬರುತ್ತದೆ ನೋಡಿ. ನೂರು ಹಳೇ ಸೀರೆ ಎಲ್ಲಿಗೆ ಹೋದವು ಎಂದು ಯಾರೂ ಕೇಳುವುದಿಲ್ಲ. ಸಾವಿರ ರೂಪಾಯಿಗೆ ಮಾತ್ರ ರಸೀದಿ ಬೇಕು. ಮನೆ ಕಳೆದುಕೊಂಡವನಿಗೆ ತನಗೇನು ಬೇಕೆಂದು ಗೊತ್ತಿರುವುದಿಲ್ಲ, ಎಂಟನೇ ಮಹಡಿಯ ನಮಗೆ ಗೊತ್ತಿರುತ್ತದೆ!

ಕೊನೆಗೆ 18,000 ಕೂಡಿತು. ನಮ್ಮ ನೂರು ರೂಪಾಯಿಗೆ ಅಲ್ಲಿ 160, ಅದು ಬದಲಾಗದ ದರ. ಅಂದರೆ 28,800 ನೇಪಾಳಿ ರೂಪಾಯಿ. ಅಲ್ಲಿನ ಸರ್ಕಾರ ಮನೆ ಬಿದ್ದವರಿಗೆ ತಾತ್ಕಾಲಿಕ ಸೂರಿಗೆಂದು ಕೊಟ್ಟದ್ದು 15,000. ಬ್ಯಾಂಕಿನಿಂದ ಕಳಿಸಬಹುದಿತ್ತು, ಅದಕ್ಕೊಂದು ಯೋಜನೆಯೂ ಇತ್ತು, ಆದರೆ ಅವನ ಹಳ್ಳಿಗೆ ಹತ್ತಿರದ ಬ್ಯಾಂಕಿನ ಕಟ್ಟಡವೇ ಬಿರುಕು ಬಿಟ್ಟು ಮುಚ್ಚಿತ್ತು. ಹಾಗಾಗಿ ದುಡ್ಡು ಹಿಡಿದು ಆತನೇ ಯಶವಂತಪುರದಲ್ಲಿ ಗೋರಖ್‌ಪುರದ ರೈಲು ಹತ್ತಿದ, ಅಲ್ಲಿಂದ ಸುನೌಲಿ ಗಡಿ, ಆಮೇಲೆ ಬಸ್ಸು. ಕಠ್ಮಂಡುವಿನಲ್ಲಿ ತಗಡು ಕೊಂಡು ಬಸ್ಸಿನ ಟಾಪಿಗೆ ಕಟ್ಟಿಸಿದನಂತೆ. ಬೆಲೆ ಏರಿಸಿ ಕೂತಿದ್ದ ಅಂಗಡಿಯವನ ಜೊತೆ ಅರ್ಧ ದಿನ ಜಗಳವಾಡಿದ್ದನ್ನು ವಾಪಸ್ ಬಂದಮೇಲೆ ಖುಷಿಯಿಂದ ಹೇಳಿದ. ಮಳೆಗೆ ಮುಂಚೆ ಮಾಡು ಆಯಿತು.

ಲಿಫ್ಟಿನ ಪಕ್ಕದ ಪೆಟ್ಟಿಗೆಗಳಿಗೆ ಲಾರಿ ಸಿಗಲಿಲ್ಲ. ಬೇಸ್‌ಮೆಂಟಿಗೆ ಇಳಿದವು, ದೀಪಾವಳಿಯವರೆಗೆ ಅಲ್ಲೇ ಇದ್ದು ಮುಗ್ಗುಲು ವಾಸನೆ ಹಿಡಿದವು.

ಬಟ್ಟೆಯೇ ತಪ್ಪು ಎಂದು ನಾನು ಹೇಳುತ್ತಿಲ್ಲ. 2023ರ ಫೆಬ್ರುವರಿ 6ರಂದು ತುರ್ಕಿಯಲ್ಲಿ ನಸುಕಿನ ನಾಲ್ಕೂ ಕಾಲಿಗೆ ನೆಲ ನಡುಗಿದಾಗ ಹೊರಗೆ ಹಿಮ. ಅಲ್ಲಿಯವರು ಕೇಳಿದ್ದೇ ಚಳಿ ಬಟ್ಟೆ, ಕಂಬಳಿ, ಹೀಟರು, ಟೆಂಟು. ಒಂದೊಂದು ನೆಲಕ್ಕೆ, ಒಂದೊಂದು ಋತುವಿಗೆ ಬೇಕಾಗುವುದೇ ಬೇರೆ. ಕೇಳದೆ ತಿಳಿಯುವುದಿಲ್ಲ.

ನೆರವಿಗೂ ಒಂದು ಆಯಸ್ಸಿದೆ, ಎರಡು ವಾರ. ಟೀವಿ ಅಲ್ಲಿಂದ ಎದ್ದರೆ ನಾವೂ ಏಳುತ್ತೇವೆ. 2015ರ ಜೂನ್‌ನಲ್ಲಿ ಕಠ್ಮಂಡುವಿನಲ್ಲಿ ಸಭೆ ಸೇರಿದ ದೇಶಗಳು 400 ಕೋಟಿ ಡಾಲರಿಗೂ ಹೆಚ್ಚು ಕೊಡುವುದಾಗಿ ಘೋಷಿಸಿದವು, ಭಾರತದ್ದೇ 100 ಕೋಟಿ. ಅದನ್ನು ಖರ್ಚು ಮಾಡಬೇಕಾದ ಪುನರ್‌ನಿರ್ಮಾಣ ಪ್ರಾಧಿಕಾರ ಕೆಲಸ ಶುರುಮಾಡುವಷ್ಟರಲ್ಲಿ ವರ್ಷವೇ ಕಳೆಯಿತು. ನಡುವೆ ಸೆಪ್ಟೆಂಬರಿನಿಂದ ಗಡಿಯಲ್ಲಿ ಲಾರಿಗಳು ನಿಂತವು. ಪೆಟ್ರೋಲಿಲ್ಲ, ಗ್ಯಾಸಿಲ್ಲ, ಔಷಧಿಗೂ ತತ್ವಾರ. ಹೊಸ ಸಂವಿಧಾನದ ವಿರುದ್ಧ ಗಡಿಯ ಬಯಲುಸೀಮೆಯ ಮಧೇಸಿಗಳ ಹೋರಾಟ ಅದಕ್ಕೆ ಕಾರಣ, ತಾನು ತಡೆದಿಲ್ಲ ಎಂದಿತು ದೆಹಲಿ. ನೇಪಾಳಿಗಳು ನಂಬಲಿಲ್ಲ. ಏಪ್ರಿಲ್‌ನಲ್ಲಿ ಗಳಿಸಿದ ಪ್ರೀತಿಯನ್ನು ಆ ಚಳಿಗಾಲ ಕರಗಿಸಿತು, ತಗಡಿನ ಕೆಳಗೆ ಮಲಗಿದವರಿಗೆ ಒಲೆ ಹೊತ್ತಿಸಲು ಸೌದೆಯೇ ಗತಿಯಾಯಿತು.

ಮನೆ ಕಟ್ಟಲು ಸರ್ಕಾರ ಕೊಟ್ಟದ್ದು ಕೊನೆಗೆ ಮೂರು ಲಕ್ಷ, ಅವರ ದುಡ್ಡಿನಲ್ಲಿ. ಅದೂ ಮೂರು ಕಂತು. ಮೊದಲು 50,000. ಪಾಯ ಸರಿಯಾಗಿದೆ ಎಂದು ಎಂಜಿನಿಯರ್ ನೋಡಿ ಬರೆದ ಮೇಲೆ ಎರಡನೆಯದು. ಎಂಜಿನಿಯರ್ ಬೆಟ್ಟ ಹತ್ತಿ ಬರಬೇಕಲ್ಲ. ನಮ್ಮ ವಾಚ್‌ಮನ್ನನ ಸಂಸಾರ ಎರಡು ಮಳೆಗಾಲವನ್ನು ಅದೇ ತಗಡಿನ ಕೆಳಗೆ ತೆಗೆಯಿತು. ಎರಡನೇ ಸಲ ಅವನಿಗೆ ದುಡ್ಡು ಬೇಕಾದಾಗ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಪಾರ್ಕಿಂಗ್ ಜಗಳ ನಡೆದಿತ್ತು, ಯಾರಿಗೂ ನೆನಪಿರಲಿಲ್ಲ. ನನಗೂ.

ಇನ್ನೊಮ್ಮೆ ಎಲ್ಲಾದರೂ ಇಂಥ ಸುದ್ದಿ ಬಂದರೆ ಬೀರು ತೆಗೆಯುವ ಮೊದಲು ಆ ಊರಿನವರು ಯಾರಾದರೂ ಹತ್ತಿರದಲ್ಲಿ ಇದ್ದಾರೆಯೇ ನೋಡಿ, ಹೆಸರು ಕೇಳಿ, ಆಮೇಲೆ ಏನು ಬೇಕೆಂದು ಕೇಳಿ. ಕೊಡಬೇಕೆಂದಿರುವ ದುಡ್ಡಿನಲ್ಲಿ ಅರ್ಧ ಈಗ ಕೊಡಿ. ಉಳಿದರ್ಧಕ್ಕೆ ಕ್ಯಾಲೆಂಡರಿನಲ್ಲಿ ಆರು ತಿಂಗಳ ಮುಂದಿನ ಒಂದು ತಾರೀಖಿಗೆ ಗುರುತು ಹಾಕಿಡಿ.