ಆಂಬುಲೆನ್ಸ್ ಪರಿಚಾರಕರ ಆರೋಗ್ಯವನ್ನು ನೋಡುವವರಾರು?

ಈ ಆರೋಗ್ಯ ವಿಭಾಗದಲ್ಲಿ ಋತುಚರ್ಯೆ, ಪಥ್ಯಾಪಥ್ಯ, ಮನೆಮದ್ದುಗಳ ವಿಚಾರವನ್ನು ಓದಿ ರೂಢಿಯಾದ ಸದ್ಭಕ್ತರು ಈ ತಿಂಗಳ ವಿಷಯವನ್ನು ಕಂಡು ಹುಬ್ಬೇರಿಸಬಹುದು. ಆದರೂ ರೋಗಿಯನ್ನು ಹೊತ್ತು ತರುವವರ ಆರೋಗ್ಯವೂ ಆರೋಗ್ಯದ ವಿಷಯವೇ ಆಗಿದೆಯೆಂದು ಭಾವಿಸಿ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ಚರಕಾಚಾರ್ಯರು ಸೂತ್ರಸ್ಥಾನದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದ್ದಾರೆ: ವೈದ್ಯ, ಔಷಧ, ಪರಿಚಾರಕ ಮತ್ತು ರೋಗಿ. ಪರಿಚಾರಕನಲ್ಲಿ ಉಪಚಾರದ ಅರಿವು, ದಕ್ಷತೆ, ರೋಗಿಯಲ್ಲಿ ಅನುರಾಗ, ಶುಚಿತ್ವ ಎಂಬ ನಾಲ್ಕು ಗುಣಗಳಿರಬೇಕು. ಮಂಚಕ್ಕೆ ಒಂದು ಕಾಲು ಸೋತರೆ ಮಲಗುವುದು ಹೇಗೋ, ಚಿಕಿತ್ಸೆಯೂ ಹಾಗೆಯೇ. ಇಂದು 108 ವಾಹನದ ಹಿಂಭಾಗದಲ್ಲಿ ಕುಳಿತು, ಆಮ್ಲಜನಕದ ಕೊಳವೆಯನ್ನು ಹಿಡಿದು, ಓಲಾಡುವ ವಾಹನದಲ್ಲಿಯೇ ಸಲೈನ್ ಏರಿಸುವ ತರುಣ ತರುಣಿಯರು ಆ ಮೂರನೆಯ ಪಾದವಾಗಿದ್ದಾರೆ. ಅವರನ್ನು ಇಲಾಖೆಯ ಭಾಷೆಯಲ್ಲಿ ಇ.ಎಂ.ಟಿ. ಎನ್ನುತ್ತಾರೆ, ಚಾಲಕನನ್ನು ಪೈಲಟ್ ಎನ್ನುತ್ತಾರೆ. ಅನೇಕರು ಜಿ.ಎನ್.ಎಂ. ನರ್ಸಿಂಗ್ ಓದಿ ಬಂದವರು. ನಾನು ಕಲಿತ ಕಾಲದಲ್ಲಿ ಇಂಥದೊಂದು ಉದ್ಯೋಗವೇ ನಮ್ಮ ಸೀಮೆಯಲ್ಲಿರಲಿಲ್ಲ.

ಕುಳಗಿಯ ಸುತ್ತಲಿನ ಭೂಗೋಳವನ್ನು ಅರಿಯದವರಿಗೆ ಈ ಉದ್ಯೋಗದ ಕಷ್ಟ ಅರ್ಥವಾಗಲಾರದು. ದಾಂಡೇಲಿಯಿಂದ ಹತ್ತು ಹನ್ನೆರಡು ಕಿಲೋಮೀಟರ್ ಬಂದರೆ ಕುಳಗಿ. ಅಲ್ಲಿಂದಾಚೆ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಕಾಡು. ಜೋಯಿಡಾ ವಿಸ್ತೀರ್ಣದಲ್ಲಿ ಉತ್ತರ ಕನ್ನಡದ ಅತಿ ದೊಡ್ಡ ತಾಲೂಕು. 2011ರ ಜನಗಣತಿಯಲ್ಲಿ ಜನಸಂಖ್ಯೆ ಮಾತ್ರ ಐವತ್ತು ಸಾವಿರದ ಆಸುಪಾಸು. ಕುಣಬಿ, ಸಿದ್ದಿ, ಗೌಳಿ ಬಂಧುಗಳ ಹಟ್ಟಿಗಳು ಗುಡ್ಡಕ್ಕೊಂದು, ಕಣಿವೆಗೊಂದು. ಅನೇಕ ಕಡೆ ಮೊಬೈಲ್ ಸಂಪರ್ಕ ಸಿಗುವುದಿಲ್ಲ. 108ಕ್ಕೆ ಕರೆ ಮಾಡಲಿಕ್ಕೂ ಒಬ್ಬನು ಗುಡ್ಡ ಹತ್ತಬೇಕು. ರೋಗಿಯನ್ನು ಕಂಬಳಿಯ ಜೋಲಿಯಲ್ಲಿ ಡಾಂಬರು ರಸ್ತೆಯವರೆಗೆ ಹೊರಬೇಕು. ಪ್ರಥಮ ಚಿಕಿತ್ಸೆ ಹತ್ತಿರದಲ್ಲಿ ದೊರೆತರೂ ತಲೆಗೆ ಪೆಟ್ಟು, ಹೃದಯಾಘಾತ, ಕಷ್ಟದ ಹೆರಿಗೆ ಎಂದರೆ ಧಾರವಾಡಕ್ಕೋ ಹುಬ್ಬಳ್ಳಿಗೋ ಓಡಬೇಕು. ದಾಂಡೇಲಿಯಿಂದ ಹುಬ್ಬಳ್ಳಿಗೆ ಸುಮಾರು 75 ಕಿಲೋಮೀಟರ್. ಜಿಲ್ಲಾ ಕೇಂದ್ರವಾದ ಕಾರವಾರ ನೂರು ಕಿಲೋಮೀಟರಿಗೂ ಮಿಗಿಲು, ಅದೂ ಘಟ್ಟ ಇಳಿದು.

ಮಾಘ ಮಾಸದಲ್ಲಿ ಉಳವಿ ಚನ್ನಬಸವೇಶ್ವರರ ಜಾತ್ರೆಗೆ ಚಕ್ಕಡಿ ಕಟ್ಟಿಕೊಂಡು ಈ ಕಾಡನ್ನು ದಾಟಿ ಹೋಗುವ ಭಕ್ತರಿಗೆ ಈ ದಾರಿಯ ತಿರುವುಗಳು ಗೊತ್ತು. ಹಗಲಿನಲ್ಲಿ ಎತ್ತಿನ ವೇಗದಲ್ಲಿ ಸಾಗುವ ಆ ದಾರಿಯನ್ನು ನಡುರಾತ್ರಿಯಲ್ಲಿ, ಆಷಾಢದ ಮಳೆಯಲ್ಲಿ, ಅಡ್ಡ ಬರುವ ಕಾಡುಕೋಣವನ್ನು ತಪ್ಪಿಸುತ್ತ, ಹಿಂದೆ ನರಳುವ ಜೀವವನ್ನು ಇಟ್ಟುಕೊಂಡು ದಾಟುವುದನ್ನು ಒಮ್ಮೆ ಊಹಿಸಿಕೊಳ್ಳಿರಿ.

ರಾಷ್ಟ್ರೀಯ ಆರೋಗ್ಯ ಅಭಿಯಾನದ ಮಾನದಂಡ ಒಂದು ಲಕ್ಷ ಜನಸಂಖ್ಯೆಗೆ ಒಂದು ಸಾಧಾರಣ ಆಂಬುಲೆನ್ಸ್, ಐದು ಲಕ್ಷಕ್ಕೆ ಒಂದು ಸುಸಜ್ಜಿತ ಆಂಬುಲೆನ್ಸ್ ಎನ್ನುತ್ತದೆ. ಈ ಲೆಕ್ಕದಲ್ಲಿ ಇಡೀ ಜೋಯಿಡಾ ತಾಲೂಕಿಗೆ ಅರ್ಧ ಆಂಬುಲೆನ್ಸ್! ತಲೆ ಎಣಿಸಿ ವಾಹನ ಹಂಚುವ ಪದ್ಧತಿ ಬಯಲುಸೀಮೆಗೆ ಸರಿಹೊಂದೀತು. ದೂರವನ್ನು ಎಣಿಸದ ಲೆಕ್ಕ ಕಾಡಿನ ತಾಲೂಕಿಗೆ ಹೊಂದದು. ಲೆಕ್ಕದಲ್ಲಿ ಉಳಿದ ಕೊರತೆಯನ್ನು ತುಂಬುವುದು ಸಿಬ್ಬಂದಿಯ ಶರೀರ. ಅವರ ಪಾಳಿ 12 ಗಂಟೆಯದು. ಪಾಳಿ ಮುಗಿಯಲು ಅರ್ಧ ಗಂಟೆ ಇರುವಾಗ ಹುಬ್ಬಳ್ಳಿಯ ಕರೆ ಬಂದರೆ ಹೋಗಿ, ರೋಗಿಯನ್ನು ಒಪ್ಪಿಸಿ, ಸ್ಟ್ರೆಚರನ್ನು ಬಿಡಿಸಿಕೊಂಡು, ವಾಹನ ತೊಳೆದು ಮರಳುವಾಗ ಅದು 16 ಗಂಟೆಯಾಗುತ್ತದೆ.

ಕರ್ನಾಟಕದಲ್ಲಿ ‘ಆರೋಗ್ಯ ಕವಚ 108’ ಆರಂಭವಾದದ್ದು 2008ರ ನವೆಂಬರ್ 1ರಂದು. ವೆಚ್ಚ ಸರ್ಕಾರದ್ದು, ನಿರ್ವಹಣೆ ಒಪ್ಪಂದದ ಮೇರೆಗೆ ಖಾಸಗಿ ಸಂಸ್ಥೆಯದು. ಹೈದರಾಬಾದಿನಲ್ಲಿ 2005ರಲ್ಲಿ ಹುಟ್ಟಿದ ಇ.ಎಂ.ಆರ್.ಐ. ಸಂಸ್ಥೆ, 2009ರ ಸತ್ಯಂ ಹಗರಣದ ನಂತರ ಜಿ.ವಿ.ಕೆ. ಆಶ್ರಯದಲ್ಲಿ ಮುಂದುವರಿಯಿತು. ಈ ವ್ಯವಸ್ಥೆಯಿಂದ ಬದುಕಿದ ಜೀವಗಳು ಅಸಂಖ್ಯ. ಅದನ್ನು ಹೀಗಳೆಯುವ ಉದ್ದೇಶ ನನಗಿಲ್ಲ. ವಾಹನದೊಳಗೇ ಸುಖಪ್ರಸವವಾದ ಮಕ್ಕಳು ಈಗ ನಮ್ಮ ಊರುಗಳ ಶಾಲೆಯಲ್ಲಿ ಓದುತ್ತಿದ್ದಾರೆ.

ಆದರೆ ದುಡಿಯುವವರ ಯಜಮಾನ ಯಾರು ಎಂಬ ಪ್ರಶ್ನೆ ಮಾತ್ರ ಅಂದಿನಿಂದ ಇಂದಿನವರೆಗೂ ನೇತಾಡುತ್ತಲೇ ಇದೆ. ಬಾಕಿ ವೇತನಕ್ಕಾಗಿ 108 ಸಿಬ್ಬಂದಿ 2022ರಲ್ಲಿ ದನಿಯೆತ್ತಿದರು. 2024ರ ಮೇ ತಿಂಗಳಲ್ಲಿ ಮತ್ತೆ ಮುಷ್ಕರದ ಮಾತು ಬಂತು. ಹಣ ಬಿಡುಗಡೆಯಾಗಿದೆ ಎಂದು ಒಂದು ಕಡೆಯವರು, ಬರಬೇಕಾದದ್ದು ಇನ್ನೂ ಬಂದಿಲ್ಲ ಎಂದು ಮತ್ತೊಂದು ಕಡೆಯವರು ಹೇಳುವುದು ಗುತ್ತಿಗೆ ವ್ಯವಸ್ಥೆಯ ಹಳೆಯ ರಾಗ. ನಡುವೆ ತಿಂಗಳ ಕಿರಾಣಿ ಸಾಲ ಬೆಳೆಯುತ್ತದೆ. 1936ರ ವೇತನ ಪಾವತಿ ಕಾಯ್ದೆಯ ಪ್ರಕಾರ ತಿಂಗಳ ಸಂಬಳ ಮುಂದಿನ ತಿಂಗಳ 7ನೆಯ ಅಥವಾ ದೊಡ್ಡ ಸಂಸ್ಥೆಗಳಲ್ಲಿ 10ನೆಯ ತಾರೀಖಿನೊಳಗೆ ಕೈಸೇರಬೇಕಿತ್ತು. ಗುತ್ತಿಗೆದಾರ ಕೊಡದೆ ಹೋದರೆ ಮೂಲ ಯಜಮಾನನೇ ಕೊಟ್ಟು ಅನಂತರ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬೇಕೆಂಬುದು 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯ ವಿಧಿ. ಹೊಸ ಕಾರ್ಮಿಕ ಸಂಹಿತೆಯೂ ಈ ತತ್ತ್ವವನ್ನು ಉಳಿಸಿಕೊಂಡಿದೆ. ಆದ್ದರಿಂದ ‘ಅದು ಸಂಸ್ಥೆಯ ವಿಚಾರ’ ಎಂದು ಹೇಳಿ ಇಲಾಖೆ ಕೈತೊಳೆದುಕೊಳ್ಳುವುದು ಧರ್ಮಸಮ್ಮತವಂತೂ ಅಲ್ಲ, ಕಾನೂನುಸಮ್ಮತವೂ ಅಲ್ಲ ಎಂಬುದು ನನ್ನ ಅಭಿಪ್ರಾಯ.

ಇನ್ನು ದುಡಿಮೆಯ ಅವಧಿ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಬಸ್ಸು ಲಾರಿಗಳ ಚಾಲಕರಿಗೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂಬ ಮಿತಿಯನ್ನು ಹಾಕಿತು. ಅದೇ ಕಾಯ್ದೆಯ 38ನೆಯ ಕಲಂ ರೋಗಿಗಳನ್ನೂ ಗಾಯಾಳುಗಳನ್ನೂ ಸಾಗಿಸುವ ವಾಹನಗಳನ್ನು ಈ ಕಾಯ್ದೆಯಿಂದ ಹೊರಗಿಟ್ಟಿತು! ಜೀವ ಉಳಿಸುವ ವಾಹನ ಗಡಿಯಾರ ನೋಡಿ ನಿಲ್ಲಬಾರದೆಂಬ ಸದುದ್ದೇಶ ಅದರ ಹಿಂದಿದ್ದಿರಬಹುದು. ವಾಹನ ನಿಲ್ಲಬಾರದು ನಿಜ, ಚಾಲಕ ಬದಲಾಗಬಾರದೇಕೆ? ಆಂಬುಲೆನ್ಸಿನ ರಚನೆ, ಆಸನ, ಸೈರನ್, ಒಳಗಿನ ಉಪಕರಣಗಳು ಹೇಗಿರಬೇಕೆಂಬುದಕ್ಕೆ ಎ.ಐ.ಎಸ್.-125 ಎಂಬ ವಿಸ್ತಾರವಾದ ಮಾನದಂಡವಿದೆ. ಅದನ್ನು ನಡೆಸುವವನು ಎಷ್ಟು ಹೊತ್ತು ನಿದ್ದೆ ಮಾಡಿರಬೇಕೆಂಬುದಕ್ಕೂ ಅಷ್ಟೇ ವಿಸ್ತಾರವಾದ ನಿಯಮ ಬೇಕಲ್ಲವೆ?

ನಿದ್ದೆಯನ್ನು ನಮ್ಮ ಶಾಸ್ತ್ರ ಆಹಾರ, ಬ್ರಹ್ಮಚರ್ಯಗಳ ಜೊತೆಗೆ ಶರೀರದ ಮೂರು ಉಪಸ್ತಂಭಗಳಲ್ಲಿ ಒಂದೆಂದು ಎಣಿಸಿದೆ. ರಾತ್ರಿ ಜಾಗರಣೆಯಿಂದ ರೂಕ್ಷಗುಣ ಹೆಚ್ಚಿ ವಾತ ಕೆರಳುತ್ತದೆ. ಆಧುನಿಕ ವಿಜ್ಞಾನವೂ ಬೇರೆಯದನ್ನೇನೂ ಹೇಳುತ್ತಿಲ್ಲ. ಆಸ್ಟ್ರೇಲಿಯಾದ ಡಾಸನ್ ಮತ್ತು ರೀಡ್ ಎಂಬ ಸಂಶೋಧಕರು 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಂತೆ, 17 ಗಂಟೆ ಸತತ ಎಚ್ಚರವಾಗಿರುವವನ ಕೈ-ಕಣ್ಣಿನ ಚುರುಕು ರಕ್ತದಲ್ಲಿ ಶೇಕಡ 0.05 ಮದ್ಯಾಂಶವಿರುವವನಷ್ಟು ಕುಗ್ಗುತ್ತದೆ. ನಮ್ಮ ದೇಶದಲ್ಲಿ ವಾಹನ ಚಾಲಕನಿಗೆ ಕಾನೂನು ಹಾಕಿದ ಮಿತಿ ಶೇಕಡ 0.03. ಕುಡಿದ ಚಾಲಕನನ್ನು ಹಿಡಿದು ದಂಡಿಸುವ ನಾವು, ನಿದ್ದೆಗೆಟ್ಟ ಚಾಲಕನ ಕೈಗೆ ನಮ್ಮ ಮನೆಯ ರೋಗಿಯನ್ನು ಕೊಡುತ್ತಿದ್ದೇವೆ. ತಪ್ಪು ಅವನದಲ್ಲ.

ನನ್ನ ಚಿಕಿತ್ಸಾಲಯಕ್ಕೆ ಇಂಥ ಸಿಬ್ಬಂದಿ ಆಗಾಗ ಬರುತ್ತಾರೆ. ಅವರ ದೂರುಗಳು ಹೆಚ್ಚುಕಡಿಮೆ ಒಂದೇ ಬಗೆಯವು: ಸೊಂಟನೋವು, ಹುಳಿತೇಗು, ಎದೆಯುರಿ, ಮಲಬದ್ಧತೆ, ತಲೆಶೂಲೆ, ಹೆಣ್ಣುಮಕ್ಕಳಾದರೆ ಮೇಲಿಂದ ಮೇಲೆ ಉರಿಮೂತ್ರ. ಕಾರಣ ಹುಡುಕಲು ಬಹಳ ದೂರ ಹೋಗಬೇಕಾಗಿಲ್ಲ. ಚರಕ ಸಂಹಿತೆ ತಡೆಯಬಾರದ 13 ವೇಗಗಳನ್ನು ಹೇಳಿದೆ. ಮೂತ್ರ, ಮಲ, ಹಸಿವು, ಬಾಯಾರಿಕೆ, ನಿದ್ದೆ, ಶ್ರಮದ ಉಸಿರು, ಅಷ್ಟೇ ಏಕೆ, ಕಣ್ಣೀರು ಕೂಡ ಆ ಪಟ್ಟಿಯಲ್ಲಿದೆ. ಈ ಉದ್ಯೋಗದಲ್ಲಿ ಇವೆಲ್ಲವನ್ನೂ ದಿನನಿತ್ಯ ತಡೆಯಬೇಕಾಗುತ್ತದೆ. ಒಬ್ಬ ಇ.ಎಂ.ಟಿ. ಹೆಣ್ಣುಮಗಳನ್ನು, ‘ನೀರು ಯಾಕವ್ವಾ ಕುಡಿಯೋದಿಲ್ಲ?’ ಎಂದು ಕೇಳಿದೆ. ‘ಕುಡಿದರ ಹೋಗೋದೆಲ್ಲಿ ಸರ್?’ ಎಂದಳು. ಅವಳ ವಾಹನ ನಿಲ್ಲುವ ಸ್ಥಳದಲ್ಲಿ ಬೀಗವಿಲ್ಲದ ಶೌಚಾಲಯವೊಂದಿತ್ತು, ನೀರಿರಲಿಲ್ಲ. ಮೂತ್ರವೇಗವನ್ನು ತಡೆದು ಬಂದ ಬಾಧೆಗೆ ಗೋಕ್ಷುರಾದಿ ಗುಗ್ಗುಲು ಕೊಡಬಲ್ಲೆ. ಆದರೆ ನಿದಾನ ಪರಿವರ್ಜನವೇ, ಅಂದರೆ ರೋಗದ ಕಾರಣವನ್ನು ನೀಗುವುದೇ, ಮೊದಲ ಚಿಕಿತ್ಸೆ. ಅದು ನನ್ನ ಔಷಧದ ಕಪಾಟಿನಲ್ಲಿಲ್ಲ.

ಕಣ್ಣೀರಿನ ವಿಷಯ ಹೇಳಿದೆನಷ್ಟೆ. ದಾರಿಯಲ್ಲಿಯೇ ಕೂಸು ತೀರಿಕೊಂಡ ರಾತ್ರಿ, ಮುಂದಿನ ಕರೆಗೆ ಮೊದಲು ಹತ್ತು ನಿಮಿಷ ಸುಮ್ಮನೆ ಕುಳಿತುಕೊಳ್ಳುವ ಅವಕಾಶವೂ ಅವರಿಗಿರುವುದಿಲ್ಲ. ತಡವಾಗಿ ಬಂದಿರೆಂದು ಸಂಬಂಧಿಕರು ಕೈ ಮಾಡಿದ ಪ್ರಸಂಗಗಳನ್ನೂ ಅವರು ಹೇಳುತ್ತಾರೆ. ದುಃಖದ ಹೊತ್ತಿನಲ್ಲಿ ಸಿಟ್ಟು ಎದುರಿಗೆ ಸಿಕ್ಕವರ ಮೇಲೆ ತಿರುಗುವುದು ಸಹಜ. ಆದರೆ ತಡವಾದದ್ದು ವಾಹನಗಳ ಕೊರತೆಯಿಂದ ಆಗಿರಬಹುದು, ಕರೆಕೇಂದ್ರದ ದೋಷದಿಂದಲೂ ಆಗಿರಬಹುದು. 2022ರ ಸೆಪ್ಟೆಂಬರಿನಲ್ಲಿ ತಾಂತ್ರಿಕ ತೊಂದರೆಯಿಂದ ರಾಜ್ಯದಾದ್ಯಂತ 108ರ ಕರೆಗಳು ಅಸ್ತವ್ಯಸ್ತವಾದುದು ನೆನಪಿರಬಹುದು. ಹೊಡೆತ ತಿನ್ನುವವರು ಮಾತ್ರ ಬಾಗಿಲು ತೆರೆದು ಇಳಿದವರು.

ಇದೆಲ್ಲವೂ 108ರ ಮಾತಾಯಿತು. ಖಾಸಗಿಯಾಗಿ ಬಾಡಿಗೆಗೆ ಓಡುವ ಆಂಬುಲೆನ್ಸುಗಳ ಸ್ಥಿತಿ ಇದಕ್ಕಿಂತ ಶೋಚನೀಯ. ಅನೇಕ ಕಡೆ ಅಲ್ಲಿ ತರಬೇತಿ ಪಡೆದ ಪರಿಚಾರಕನೇ ಇರುವುದಿಲ್ಲ; ಚಾಲಕನೊಬ್ಬನೇ, ಅವನಿಗೂ ಟ್ರಿಪ್ಪಿನ ಲೆಕ್ಕದಲ್ಲಿ ಕೂಲಿ. ಟ್ರಿಪ್ ಹೆಚ್ಚಾದಷ್ಟೂ ಸಂಪಾದನೆ, ವೇಗ ಹೆಚ್ಚಾದಷ್ಟೂ ಟ್ರಿಪ್. 2022ರ ಜುಲೈ 20ರಂದು ಹೊನ್ನಾವರದ ಕಡೆಯಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್ ಗೇಟಿನಲ್ಲಿ ಉರುಳಿ ನಾಲ್ವರು ಅಸುನೀಗಿದರು. ಆ ಅಪಘಾತಕ್ಕೆ ನಿದ್ದೆಗೇಡು ಕಾರಣವೆಂದು ನಾನು ಹೇಳುತ್ತಿಲ್ಲ. ಒದ್ದೆ ರಸ್ತೆಯಲ್ಲಿ ಅದು ಜಾರಿದ್ದನ್ನು ನಾವೆಲ್ಲ ದೃಶ್ಯಗಳಲ್ಲಿ ಕಂಡಿದ್ದೇವೆ. ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕೆಂಬ ಕೂಗು ಆಗ ಇಡೀ ಉತ್ತರ ಕನ್ನಡದಲ್ಲಿ ಎದ್ದಿತು. ನ್ಯಾಯವಾದ ಕೂಗೇ. ಆದರೆ ಆಸ್ಪತ್ರೆ ಬರುವವರೆಗೂ, ಬಂದ ಮೇಲೂ, ಜೋಯಿಡಾದ ಹಟ್ಟಿಯಿಂದ ಅದರ ಬಾಗಿಲಿನವರೆಗಿನ ದಾರಿಯಲ್ಲಿ ಇದೇ ಇಬ್ಬರು ಇರುತ್ತಾರೆ.

ಇವರ ಕೆಲಸವನ್ನು ಎಲ್ಲರೂ ‘ಸೇವೆ’ ಎಂದು ಹೊಗಳುತ್ತಾರೆ. ಈ ಹೊಗಳಿಕೆಯ ಬಗ್ಗೆ ನನಗೆ ಸ್ವಲ್ಪ ಅನುಮಾನ. ಸೇವೆ ಎಂದ ಮೇಲೆ ಸಂಬಳ ಕೇಳುವುದು ಸಣ್ಣತನದಂತೆ ಕಾಣತೊಡಗುತ್ತದೆ. ಮುಷ್ಕರ ಹೂಡಿದರೆ ‘ರೋಗಿಗಳನ್ನು ಒತ್ತೆಯಿಟ್ಟರು’ ಎಂಬ ಮಾತು ಬರುತ್ತದೆ. ನಮ್ಮ ಶರಣ ಪರಂಪರೆಯ ಪದ ಕಾಯಕ. ಕಾಯಕದಿಂದ ನ್ಯಾಯವಾಗಿ ದೊರೆತ ಪ್ರತಿಫಲದಿಂದಲೇ ದಾಸೋಹ ನಡೆಯಬೇಕು. ಪ್ರತಿಫಲವನ್ನೇ ತಡೆದರೆ ಕಾಯಕವೆಲ್ಲಿ, ದಾಸೋಹವೆಲ್ಲಿ? ಮೂರು ತಿಂಗಳು ಸಂಬಳ ಕಾಣದ ಮನೆಯವನಲ್ಲಿ ಚರಕರು ಹೇಳಿದ ಅನುರಾಗವನ್ನು ನಿರೀಕ್ಷಿಸುವ ಹಕ್ಕು ನಮಗೆಷ್ಟಿದೆ?

108 ಸೇವೆಯನ್ನು ಖಾಸಗಿ ಸಂಸ್ಥೆಯಿಂದ ಬಿಡಿಸಿ ಆರೋಗ್ಯ ಇಲಾಖೆಯ ಮೂಲಕವೇ ನಡೆಸುವ ಆಲೋಚನೆಯನ್ನು ರಾಜ್ಯ ಸರ್ಕಾರ 2025ರಲ್ಲಿ ಪ್ರಕಟಿಸಿತು. ಸ್ವಾಗತಾರ್ಹವೇ. ಆದರೆ ಇಲಾಖೆಯೇ ಮತ್ತೊಂದು ಏಜೆನ್ಸಿಯ ಮೂಲಕ ಹೊರಗುತ್ತಿಗೆಯಲ್ಲಿ ಅದೇ ಸಿಬ್ಬಂದಿಯನ್ನು ತೆಗೆದುಕೊಂಡರೆ ಬದಲಾಗುವುದು ವಾಹನದ ಮೇಲಿನ ಹೆಸರಷ್ಟೇ. ಕೇಂದ್ರದ 2021ರ ಸಹಾಯಕ ಮತ್ತು ಆರೋಗ್ಯ ವೃತ್ತಿಪರರ ಆಯೋಗದ ಕಾಯ್ದೆ ತುರ್ತು ವೈದ್ಯಕೀಯ ತಂತ್ರಜ್ಞರನ್ನು ವೃತ್ತಿಪರರ ಪಟ್ಟಿಗೆ ಸೇರಿಸಿದೆ. ವೃತ್ತಿಪರರೆಂದು ಒಪ್ಪಿದ ಮೇಲೆ ಎಂಟು ಗಂಟೆಯ ಮೂರು ಪಾಳಿ, ತಿಂಗಳ ಮೊದಲ ವಾರದಲ್ಲಿ ಸಂಬಳ, ದೂರದ ಟ್ರಿಪ್ಪಿನ ನಂತರ ಕಡ್ಡಾಯ ವಿಶ್ರಾಂತಿ ಇಷ್ಟನ್ನಾದರೂ ಬರಹದಲ್ಲಿ ಕೊಡಬೇಕು. ಕಾಡಿನ ತಾಲೂಕುಗಳಿಗೆ ಜನಸಂಖ್ಯೆಯ ಬದಲು ದೂರದ ಲೆಕ್ಕದಲ್ಲಿ ವಾಹನ ಕೊಡಬೇಕು.

ಕೊನೆಯದಾಗಿ, ಭಕ್ತರಲ್ಲಿ ಒಂದು ವಿನಂತಿ. ಹಿರಿಯರ ಸ್ಮರಣಾರ್ಥವಾಗಿ ಮಠಗಳಿಗೆ, ಟ್ರಸ್ಟುಗಳಿಗೆ, ಆಸ್ಪತ್ರೆಗಳಿಗೆ ಆಂಬುಲೆನ್ಸ್ ದಾನ ಕೊಡುವ ಸತ್ಸಂಪ್ರದಾಯ ನಮ್ಮಲ್ಲಿದೆ. ಹಾರ ಹಾಕಿ, ಕಾಯಿ ಒಡೆದು, ಹೆಸರು ಬರೆಯಿಸಿ ಕೊಡುತ್ತೇವೆ. ವರ್ಷ ಕಳೆಯುವುದರೊಳಗೆ ಚಾಲಕನಿಗೆ ಸಂಬಳ ಕೊಡುವವರಿಲ್ಲದೆ ಆ ವಾಹನ ಶೆಡ್ಡಿನಲ್ಲಿ ಧೂಳು ಹಿಡಿದು ನಿಂತದ್ದನ್ನೂ ಕಂಡಿದ್ದೇನೆ. ಇನ್ನು ಮುಂದೆ ಕೊಡುವವರು ವಾಹನದ ಬೆಲೆಯ ಜೊತೆಗೆ ಇಬ್ಬರು ಚಾಲಕರು ಮತ್ತು ಇಬ್ಬರು ತರಬೇತಾದ ಪರಿಚಾರಕರ ಸಂಬಳಕ್ಕಾಗುವಷ್ಟು ಠೇವಣಿಯನ್ನೂ ಇಟ್ಟು ಕೊಡಲಿ. ಒಬ್ಬರಿಂದಾಗದಿದ್ದರೆ ಹತ್ತು ಮನೆಯವರು ಕೂಡಿ ಕೊಡಲಿ. ಅದೂ ಸಾಧ್ಯವಾಗದವರು, ತಮ್ಮೂರಿನಲ್ಲಿ 108 ವಾಹನ ಎಲ್ಲಿ ನಿಲ್ಲುತ್ತದೆಂಬುದನ್ನು ಈ ವಾರವೇ ಹೋಗಿ ನೋಡಲಿ. ಅಲ್ಲಿ ಒಂದು ಕೋಣೆ, ಎರಡು ಮಂಚ, ದೀಪ, ಕುಡಿಯುವ ನೀರು, ಒಳಗಿನಿಂದ ಚಿಲಕ ಹಾಕಬಹುದಾದ ಶೌಚಾಲಯ ಇವೆಯೇ ಎಂದು ವಿಚಾರಿಸಿ, ಇಲ್ಲದಿದ್ದರೆ ಮುಂದಿನ ಗ್ರಾಮಸಭೆಯಲ್ಲಿ ಅರ್ಜಿ ಕೊಡಲಿ.