ಔಷಧಶೋಧನೆಯೂ ನಮ್ಮ ಹೆಣ್ಣುಮಕ್ಕಳೂ

ರಸಾಯನಶಾಸ್ತ್ರದಲ್ಲಿ ಮೇಲಾದ ಬಾಲಿಕೆಯರು ನಮ್ಮ ಶಾಲೆಯಲ್ಲಿ ಪ್ರತಿ ವರ್ಷವೂ ಕಂಡುಬರುತ್ತಾರೆ. ಅವರ ಮುಂದಿನ ವಿದ್ಯೆಯ ಮಾತು ಬಂದಾಗ ತಂದೆತಾಯಿಗಳು ಮೊದಲು ಕೇಳುವುದು, “ಎಷ್ಟು ವರ್ಷ ಹಿಡಿದೀತು?” ಎಂದು. ಡಿಪ್ಲೊಮಾ ಮುಗಿಸಿ ಔಷಧದಂಗಡಿಯಲ್ಲಿ ಕೆಲಸಕ್ಕೆ ನಿಂತರೆ ಸಾಕೆಂಬುದು ಬಹುಮಂದಿಯ ಅಭಿಪ್ರಾಯ. ಅದು ಗೌರವದ ವೃತ್ತಿಯೇ ಸರಿ. ಆದರೆ ಇರುವ ಔಷಧವನ್ನು ಕೊಡುವವರು ಬೇಕಾದಂತೆ, ಇಲ್ಲದ ಔಷಧವನ್ನು ಹುಡುಕುವವರೂ ಬೇಕಷ್ಟೆ.

ಇದರ ಅಗತ್ಯವನ್ನು ಮಲೆನಾಡಿನವರಿಗೆ ಹೇಳಿಕೊಡಬೇಕಾಗಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆಯು ನಮ್ಮ ಜಿಲ್ಲೆಯಲ್ಲಿಯೂ ಪ್ರಾಣಗಳನ್ನು ಅಪಹರಿಸಿದೆ. ಉಣ್ಣೆಗಳ ಕಡಿತದಿಂದ ಬರುವ ಈ ಜ್ವರಕ್ಕೆ ನಿರ್ದಿಷ್ಟವಾದ ಔಷಧವಿಲ್ಲ. 1990ರಿಂದ ಕೊಡುತ್ತಿದ್ದ ಲಸಿಕೆಯ ಶಕ್ತಿ ಸಾಲದೆಂದು 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಹೊಸದರ ಶೋಧನೆಯನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯು ಕೈಗೊಂಡಿದೆ. ಸೌದೆಗೂ ತರಗೆಲೆಗೂ ಕಾಡಿಗೆ ಹೋಗುವ ಹೆಂಗಸರಿಗೆ, ಕೈಕಾಲುಗಳಿಗೆ ಸವರಿಕೊಳ್ಳಲು ಆರೋಗ್ಯ ಇಲಾಖೆ ಕೊಡುವ ಎಣ್ಣೆಯೇ ಸದ್ಯದ ರಕ್ಷೆ.

ಈ ವಿದ್ಯೆಯ ಮಾರ್ಗ ದೀರ್ಘವಾದುದು. ಪಿ.ಯು.ಸಿ. ವಿಜ್ಞಾನದ ಮೇಲೆ ಬಿ.ಫಾರ್ಮ್ 4 ವರ್ಷ, ಎಂ.ಫಾರ್ಮ್ 2 ವರ್ಷ, ಬಳಿಕ ಪಿಎಚ್.ಡಿ.ಗೆ ಕಡಮೆಯೆಂದರೂ 3 ವರ್ಷ. ಜಿಪ್ಯಾಟ್ ಪರೀಕ್ಷೆಯಲ್ಲಿ ಅರ್ಹತೆ ಪಡೆದವರಿಗೆ ಎಂ.ಫಾರ್ಮ್ ವ್ಯಾಸಂಗಕಾಲದಲ್ಲಿ ವಿದ್ಯಾರ್ಥಿವೇತನದ ಏರ್ಪಾಡು ಉಂಟು.

ಆದರೆ ಪದವಿಗಳಷ್ಟೇ ಮುಖ್ಯವಾದುದು ತಾಳ್ಮೆ. ಚೀನಾ ದೇಶದ ತು ಯೂಯೂ ಎಂಬ ಮಹಿಳೆಯ ತಂಡವು ಗಿಡಮೂಲಿಕೆಗಳಲ್ಲಿ ಮಲೇರಿಯಾಕ್ಕೆ ಮದ್ದನ್ನು ಅರಸುತ್ತಿದ್ದಾಗ, 1971ರಲ್ಲಿ ಸಫಲವಾದುದು 191ನೆಯ ಮಾದರಿ. ಆಕೆಗೆ ನೊಬೆಲ್ ಪಾರಿತೋಷಕ ದೊರೆತುದು 2015ರಲ್ಲಿ. ಪ್ರಯೋಗ ಕೆಟ್ಟಾಗ ನೆರೆಯವಳ ಪುಸ್ತಕ ನೋಡಿ ಅಂಕಿಯನ್ನು ತಿದ್ದದೆ, ತನಗೆ ಕಂಡುದನ್ನೇ ಬರೆದು, ಮತ್ತೊಮ್ಮೆ ಮಾಡಲು ಅಪ್ಪಣೆ ಬೇಡುವ ಬಾಲಿಕೆಯಲ್ಲಿ ಈ ವೃತ್ತಿಯ ಬೀಜವಿದೆಯೆಂದು ನನ್ನ ದೃಢವಾದ ನಂಬಿಕೆ. ಅಂಥವಳಿಗೆ ನಾವು ಕೊಡಬೇಕಾದುದು ಕಾಲಾವಕಾಶ.

ಆದಕಾರಣ ಮಾತಾಪಿತೃಗಳಲ್ಲಿ ನನ್ನ ವಿಜ್ಞಾಪನೆ: ಪ್ರಥಮ ಪದವಿಯಾದೊಡನೆಯೇ ವಿವಾಹದ ಮಾತೆತ್ತಿ ಅವಳ ವ್ಯಾಸಂಗವನ್ನು ನಿಲ್ಲಿಸಬೇಡಿರಿ. ಕಾಫಿ ಸಸಿಯನ್ನು ನೆಟ್ಟು ಮೊದಲ ಫಲಕ್ಕೆ 3–4 ವರ್ಷ ಕಾಯುವ ಈ ಸೀಮೆಯವರಿಗೆ, ಮಗಳ ವಿದ್ಯೆಗಾಗಿ ಕಾಯುವುದು ಅಸಾಧ್ಯವೇ? ಪೂರ್ವವಿದ್ಯಾರ್ಥಿನಿಯರೇ, ಬೆಂಗಳೂರು, ಮಂಗಳೂರು, ಮಣಿಪಾಲಗಳಲ್ಲಿ ನೆಲೆಸಿರುವ ನೀವು, ಊರು ಬಿಡಲು ಅಂಜುವ ನಿಮ್ಮ ಈ ತಂಗಿಯರಿಗೆ ಅಲ್ಲಿಯ ಕಾಲೇಜು, ಹಾಸ್ಟೆಲುಗಳ ವಿಚಾರವನ್ನು ತಿಳಿಸಿರಿ. ಅವರ ತಂದೆತಾಯಿಗಳಿಗೂ ಧೈರ್ಯ ಹೇಳಿರಿ.